ವೈನಿಯ ಓಟ, ನನ್ನ ಸ್ಕೂಟರು

ನಮ್ಮ ವೈನಿ ಮ್ಯಾರಾಥಾನ್ ಓಡಿದ್ದಕ್ಕೆ ಕಾರಣ ಆರೋಗ್ಯವಲ್ಲ, ಮೆಡಲಿನ ಆಸೆಯೂ ಅಲ್ಲ. ಮನೆಯಲ್ಲಿ ಯಾವ ವಸ್ತುವೂ ದಂಡವಾಗಬಾರದು ಎಂಬ ಅವರ ಹಟ. ಧಾರವಾಡದಲ್ಲಿ ಕಲಿಯುವ ಅವರ ಮಗಳು ರಜೆಗೆ ಬಂದಾಗ ಹೊಸ ಬೂಟು ತಂದಳು, ಒಂದೆರಡು ದಿನ ಓಡಿದಳು, ಆಮೇಲೆ ಹೊದ್ದು ಮಲಗಿದಳು. ಹೋಗುವಾಗ ಬೂಟನ್ನು ಇಲ್ಲೇ ಬಿಟ್ಟಳು. ಬೇರೆ ಯಾರಾದರೂ ಮಂಚದ ಕೆಳಗೆ ತಳ್ಳುತ್ತಿದ್ದರು. ವೈನಿ ಹಾಕಿಕೊಂಡು ನೋಡಿದರು. ಅಳತೆ ಸರಿಹೋಯಿತು. ಅಲ್ಲಿಗೆ ನನ್ನ ಭಾನುವಾರಗಳು ಮುಗಿದವು!

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಇಬ್ಬರೂ ಸೇರಿ ಬೈಲಹೊಂಗಲದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ವೈನಿ ಮೊದಮೊದಲು ಬರೀ ನಡೆಯುತ್ತಿದ್ದರು. ನಡೆದರೆ ಗಿರಣಿ ತೆರೆಯಲು ತಡವಾಗುತ್ತದೆಂದು ಓಡತೊಡಗಿದರು. ಮಗಳು ಚೇಷ್ಟೆಗೆಂದು ಹುಬ್ಬಳ್ಳಿಯ ಮ್ಯಾರಾಥಾನಿಗೆ ತಾಯಿಯ ಹೆಸರು ಕೊಟ್ಟಳು. ನಲವತ್ತೆರಡು ಕಿಲೋಮೀಟರ್ ಎಂದು ಕೇಳಿ ಅಣ್ಣ ಹೌಹಾರಿದ. ವೈನಿ ಹೌಹಾರಲಿಲ್ಲ.

"ಸವದತ್ತಿ ಗುಡ್ಡಕ್ಕ ನಡಕೋತ ಹೋಗವರು ಇಲ್ಲೇನ್ರಿ? ನಾ ಒಂಚೂರು ಲಗೂನ ಹೊಕ್ಕೇನಿ, ಅಷ್ಟ."

ಅಣ್ಣ ಒಂದೇ ಷರತ್ತು ಹಾಕಿದ: ಒಬ್ಬಳೇ ಓಡಕೂಡದು. ಮನೆಯಲ್ಲಿ ಸ್ಕೂಟರ್ ಇದ್ದವನು, ಭಾನುವಾರ ಕೆಲಸವಿಲ್ಲದವನು, ಇನ್ನೂ ಮದುವೆಯಾಗದವನು ನಾನೊಬ್ಬನೇ. ನೀರಿನ ಕ್ಯಾನು ಕಾಲ ಬಳಿ ಇಟ್ಟುಕೊಂಡು, ಎಮ್ಮೆಯ ಹಿಂದೆ ಹೋಗುವವನಂತೆ ನಾನು ಸ್ಕೂಟರ್ ಬಿಡಬೇಕು. ಪ್ರತಿ ವಾರ ದೂರ ಹೆಚ್ಚುತ್ತ ಹೋಯಿತು. ಒಂದು ವಾರ ನೇಸರಗಿಯ ಕಡೆ, ಇನ್ನೊಂದು ವಾರ ಮುರಗೋಡದ ಕಡೆ.

ಬೇಸಿಗೆಯಲ್ಲಿ ಓಡುವವರು ನಸುಕಿನಲ್ಲೇ ಹೊರಡಬೇಕಂತೆ. ವೈನಿಯೂ ನಸುಕಿಗೇ ಏಳುತ್ತಿದ್ದರು. ಆದರೆ ಅಂಗಳಕ್ಕೆ ನೀರು ಚಿಮುಕಿಸಿ, ರಂಗೋಲಿ ಎಳೆದು, ಎಮ್ಮೆ ಹಿಂಡಿ, ದೇವರಿಗೆ ದೀಪ ಹಚ್ಚುವಷ್ಟರಲ್ಲಿ ಸೂರ್ಯ ನಮಗಿಂತ ಮೊದಲೇ ಹೊರಟಿರುತ್ತಿದ್ದ. ಬರುವಾಗ ಡಾಂಬರು ಹೆಂಚಿನಂತೆ ಕಾದಿರುತ್ತಿತ್ತು. ವೈನಿ ತಲೆಗೆ ಒದ್ದೆ ಟವೆಲ್ಲು ಸುತ್ತಿ, ಮಗಳದೇ ಹಳೆಯ ಚೂಡಿದಾರದಲ್ಲಿ, ಮುಖ ಕೆಂಪಗೆ ಮಾಡಿಕೊಂಡು ಓಡುತ್ತಿದ್ದರು.

ಈ ದೃಶ್ಯ ನೋಡಿದ ಜನ ಏನೆಂದುಕೊಂಡಾರು? ಒಂದು ಭಾನುವಾರ ಹೊಲದ ದಾರಿಯಿಂದ ಬಂದ ಅಜ್ಜರೊಬ್ಬರು ವೈನಿಯನ್ನು ಅಡ್ಡಗಟ್ಟಿ ನಿಲ್ಲಿಸಿದರು. "ತಂಗಿ, ಸಂಸಾರದಾಗ ಒಂದು ಮಾತು ಬರತೈತಿ, ಹೋಗತೈತಿ. ಸಿಟ್ಟು ಮಾಡಿಕೊಂಡು ತವರಿಗೆ ಹೋಗಬ್ಯಾಡ. ಪಾಪ, ಹಿಂದ ಕರಿಯಾಕ ಬಂದಾನ ನೋಡು" ಎಂದು ನನ್ನತ್ತ ಕೈ ಮಾಡಿದರು. ಹಿರಿಯರ ಮಾತು ಮೀರಬಾರದೆಂದು ವೈನಿ ನಿಂತಲ್ಲೇ ಕುಣಿಯುತ್ತ ಬುದ್ಧಿವಾದವನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಅಜ್ಜ ನನ್ನನ್ನು ಹಿಡಿದುಕೊಂಡು, ಹೆಂಡತಿಯ ಮೇಲೆ ಕೈ ಮಾಡುವವನು ಗಂಡಸೇ ಅಲ್ಲ ಎಂದು ಬೈದರು. ನಾನು ಮೈದುನ ಎಂದು ಹೇಳುವಷ್ಟರಲ್ಲಿ ವೈನಿ ಎರಡು ಹೊಲ ದಾಟಿದ್ದರು.

ಇನ್ನೊಮ್ಮೆ ಬಸ್ಸು. ಇವರು ಓಡುವುದನ್ನು ಕನ್ನಡಿಯಲ್ಲಿ ಕಂಡ ಡ್ರೈವರ್, ಪಾಪ ಬಸ್ಸು ತಪ್ಪಿದವರು ಎಂದು ಗಾಡಿ ನಿಲ್ಲಿಸಿದ. ಕಂಡಕ್ಟರ್ ಬಾಗಿಲು ತೆಗೆದು ಕರೆದ. ಒಳಗೆ ಯಾರೋ ಸರಿದು ಜಾಗವನ್ನೂ ಮಾಡಿಕೊಟ್ಟರಂತೆ. ಇಷ್ಟೆಲ್ಲ ಆದ ಮೇಲೆ ಒಲ್ಲೆ ಎನ್ನುವುದು ಹೇಗೆ? ವೈನಿ ಹತ್ತಿಯೇ ಬಿಟ್ಟರು! ನಾನು ಸ್ಕೂಟರಿನಲ್ಲಿ ಬೆನ್ನಟ್ಟಿ ಮುಂದಿನ ಊರಿನಲ್ಲಿ ಅವರನ್ನು ಹಿಡಿದರೆ, ಬಸ್ಸಿನಲ್ಲಿ ಹೋದ ದಾರಿ ಲೆಕ್ಕಕ್ಕಿಲ್ಲವೆಂದು ನನ್ನ ಸ್ಕೂಟರಿನಲ್ಲೇ ಹತ್ತಿದ ಜಾಗಕ್ಕೆ ಹಿಂದಿರುಗಿ, ಅಲ್ಲಿಂದ ಮತ್ತೆ ಓಡಿದರು.

ಅಭ್ಯಾಸದ ಕಡೆಯ ದೊಡ್ಡ ಓಟದ ದಿನ ಬಿಸಿಲಿಗೆ ತಲೆ ತಿರುಗಿ ಬಿದ್ದದ್ದು ನಿಜ. ಬಿದ್ದವನು ನಾನು. ಓಡುವವರಿಗೆ ಏನೂ ಆಗಲಿಲ್ಲ, ಕುಳಿತವನಿಗೆ ಕಣ್ಣು ಕತ್ತಲಿಟ್ಟಿತು. ವೈನಿ ನನ್ನನ್ನು ಬೇವಿನ ಮರದ ಕೆಳಗೆ ಎಳೆದು, ಕ್ಯಾನಿನ ನೀರನ್ನೆಲ್ಲ ತಲೆಗೆ ಸುರಿದು, ಹಿಂದೆ ಕೂರಿಸಿಕೊಂಡು ತಾವೇ ಸ್ಕೂಟರ್ ಓಡಿಸಿ ಮನೆ ಮುಟ್ಟಿಸಿದರು. ಉಳಿದ ದೂರವನ್ನು ಮರುದಿನ ಓಡಿದರು. ಅಣ್ಣ ನನ್ನ ಮುಖ ನೋಡಿ ನಕ್ಕ, ವೈನಿಯ ಓಟದ ಬಗ್ಗೆ ಮಾತ್ರ, "ಯಾರು ಬೆನ್ನ ಹತ್ಯಾರಂತ ಓಡೂದದು?" ಎಂದು ಎಂದಿನಂತೆ ಗೊಣಗಿದ.

ಮ್ಯಾರಾಥಾನಿನ ಹಿಂದಿನ ದಿನವೇ ತಾಯಿ ಮಗಳು ಹುಬ್ಬಳ್ಳಿಗೆ ಹೋದರು. ಅಣ್ಣ ತಾನು ಬರುವುದಿಲ್ಲ ಎಂದಿದ್ದವನು, ಮರುದಿನ ಬೆಳಿಗ್ಗೆ ಗಿರಣಿಗೆ ಬೆಲ್ಟು ತರುವುದಿದೆ ಎಂದು ನನ್ನೊಡನೆ ಮೊದಲ ಬಸ್ಸು ಹತ್ತಿದ. ಭಾನುವಾರ ಯಾವ ಬೆಲ್ಟಿನ ಅಂಗಡಿ ತೆರೆದಿರುತ್ತದೆ ಎಂದು ನಾನು ಕೇಳಲಿಲ್ಲ.

ವೈನಿ ಬಂದು ಮುಟ್ಟಿದಾಗ ಚಪ್ಪಾಳೆಯವರೆಲ್ಲ ಮನೆಗೆ ಹೋಗಿದ್ದರು, ಶಾಮಿಯಾನ ಬಿಚ್ಚುತ್ತಿದ್ದರು. ಯಾರೋ ಕೊರಳಿಗೆ ಮೆಡಲ್ ಹಾಕಿದರು. ವೈನಿ ಫುಟ್‌ಪಾತಿನ ಮೇಲೆ ಕುಸಿದು ಕುಳಿತರು. ಅಣ್ಣ ಹೋಗಿ ಎದುರಿಗೆ ನಿಂತ. 

"ಹಸಿವಿ ಆಗೇತೇನು?"

ವೈನಿ ತಲೆ ಎತ್ತಿ ಅವನನ್ನೇ ನೋಡಿದರು. "ಬಾಳ ಆಗೇತ್ರಿ" ಎಂದರು.

ಅಣ್ಣ ಕೈಚೀಲದಿಂದ ಡಬ್ಬಿ ತೆಗೆದ. ಉಪ್ಪಿಟ್ಟು. ಒಲೆ ಹಚ್ಚಲು ಬಾರದವನು ನಸುಕಿನಲ್ಲಿ ಎದ್ದು ಮಾಡಿದ, ಗಂಟು ಗಂಟಾದ, ತಳ ಹಿಡಿದ ಉಪ್ಪಿಟ್ಟು. ವೈನಿ ಅದನ್ನು ನಮ್ಮಲ್ಲಿ ಯಾರಿಗೂ ಕೊಡಲಿಲ್ಲ, ಉಂಡಿರಾ ಎಂದೂ ಕೇಳಲಿಲ್ಲ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ತಿನ್ನತೊಡಗಿದರು. ನಮಗಿಂತ ಮೊದಲು ವೈನಿ ಉಣ್ಣುವುದನ್ನು ನಾನು ನೋಡಿದ್ದು ಅಂದೇ. ಡಬ್ಬಿ ಬರಿದಾಗುವ ತನಕ ಅಣ್ಣ ಕದಲಲಿಲ್ಲ. ಬಿಸಿಲಿಗೆ ಬೆನ್ನು ಕೊಟ್ಟು, ತನ್ನ ನೆರಳು ಅವರ ಮೇಲೆ ಬೀಳುವಂತೆ ನಿಂತಿದ್ದ.