ಕಲಶ ಏರದ ಗುಡಿಗಳು

ನಾನು ಮೊದಲ ಸಲ ಎದ್ದು ಹೋದದ್ದು ಒಂದು ಸೋಮವಾರ. ಸಾಲ್ಯಾಗ ಏಳರ ಮಗ್ಗಿ ಹೇಳುತ್ತ ಅರ್ಧಕ್ಕೆ ನಿಂತೆ. ಹೊರಗೆ ಗೋಪುರ ಕಟ್ಟುವ ತಮಿಳರ ಲಾರಿಯೂ ನಿಂತಿತ್ತು, ಎದ್ದು ಹೋಗಿ ಹತ್ತಿಬಿಟ್ಟೆ. ಅಲ್ಲಿಂದ ಎಲ್ಲ ಅರ್ಧಕ್ಕೇ. ಎಷ್ಟೋ ಗುಡಿ ಕಟ್ಟಿದೆ, ಒಂದಕ್ಕೂ ನನ್ನ ಕೈಯಿಂದ ಕಲಶ ಏರಲಿಲ್ಲ. "ಉಸ್ತಾದ್, ಸಾಯೂದ್ರೊಳಗ ಒಂದರ ಇಡ್ರಿ," ಅಂತ ನನ್ನ ಜೋಡಿ ತಿರುಗುವ ಪೇಂಟರ್ ಸಾಹೇಬರ ಚಾಷ್ಟಿ. ಇಡೋಣ ಅಂತ ಹೋದಲ್ಲೆಲ್ಲ ಹಿಂಗೇ ಆಗತದ.

ಹಸಿ ಶತಮಾನ

ರಾಮದುರ್ಗದ ಕಡೆ ಒಂದು ಊರು. ಕಮಿಟಿಯಲ್ಲಿ ಅರ್ಧ ಮಂದಿ ಕಾಶಿಗೆ ಹೋಗಿ ಬಂದವರು. ಅವರಿಗೆ ಗೋವಿನಜೋಳದ ತೆನೆಯಂಥ ನಾಗರ ಶಿಖರವೇ ಬೇಕು. ಉಳಿದವರು ರಾಮೇಶ್ವರ ನೋಡಿದವರು. ಅವರಿಗೆ ಮಜಲಿನ ಮೇಲೆ ಮಜಲಿನ ದ್ರಾವಿಡ. ಉತ್ತರದ ಮೈ ಅವರಿಗೆ, ದಕ್ಷಿಣದ್ದು ಇವರಿಗೆ ಅಂತ ಹಂಚಿ ಕಟ್ಟಿದೆ. ಕಲಶಕ್ಕೆ ಕಾಶಿಯದೋ ರಾಮೇಶ್ವರದ್ದೋ ಯಾವ ತೀರ್ಥ ಅಂತ ಅವರು ಬಡಿದಾಡಿ, ಕಲಶ ಕೆಳಗೇ ಉಳಿದಿದ್ದಾಗ ಕ್ಯಾಮೆರಾದ ಪ್ರೊಫೆಸರರೊಬ್ಬರು ಬಂದು ಕಣ್ಣರಳಿಸಿದರು.

"ಆಹಾ, ಎರಡೂ ಕೂಡಿದ ವೇಸರ! ಯಾವ ಶತಮಾನದ್ದು?"

"ಮುಟ್ಟಬ್ಯಾಡ್ರಿ, ಇನ್ನಾ ಹಸಿ ಐತಿ."

ದ್ವಾರಪಾಲಕನ ಮೀಸಿ

ಕಿತ್ತೂರ ಹತ್ತಿರ ಅಧ್ಯಕ್ಷರೊಬ್ಬರು ದ್ವಾರಪಾಲಕನಿಗೆ ತಮ್ಮದೇ ಗಿರಿಜಾ ಮೀಸೆ ಇಡಿಸಿದರು. ಕಲಶದ ಹಿಂದಿನ ವಾರ ಕಮಿಟಿ ಬದಲಾಯಿತು. ಹೊಸ ಅಧ್ಯಕ್ಷರಿಗೆ ಮೀಸೆಯೇ ಇಲ್ಲ. "ಮೊದಲ ಅದನ್ನ ಬೋಳಸ್ರಿ!"

"ಕೆತ್ತಬ್ಯಾಡ್ರಿ ಉಸ್ತಾದ್," ಅಂದರು ಸಾಹೇಬರು. "ಮೈಬಣ್ಣ ಬಳಿತೇನಿ. ಹಳಬರು ಮತ್ತ ಬಂದ್ರ ತೊಳದ್ರಾತು."

ಮಾತು ಇಬ್ಬರು ಅಧ್ಯಕ್ಷರ ಕಿವಿಗೂ ಬಿತ್ತು. ಅವರಿಬ್ಬರೂ ಒಮ್ಮತಕ್ಕೆ ಬಂದದ್ದು ಅದೊಂದೇ ಸಲ, ನಮ್ಮನ್ನು ಓಡಿಸೋದಕ್ಕೆ.

ಸಂಡಿಗಿ ಶಿಖರ

ಕಡೇಕ ಮುರಗೋಡದ ಹತ್ತಿರ. ಹಳೇ ಕಲ್ಲಿನ ಗುಡಿ. ಶಿಖರ ಮೆಟ್ಟಿಲು ಮೆಟ್ಟಿಲಾಗಿ ಏರಿದೆ, ಗೊಂಬೆಯಿಲ್ಲ, ಬಣ್ಣವಿಲ್ಲ.

"ಯಾವನೋ ಮೆಟ್ಟಲಾ ಕಟ್ಟಿ ಅರ್ಧಕ್ಕ ಓಡಿ ಹೋಗ್ಯಾನ. ನಿಮ್ಮಂಥಾವನ ಇರಬೇಕು," ಅಂದರು ಗೌಡರು. "ಮ್ಯಾಲ ಗೊಂಬಿ ಗೋಪುರ ಕೂಡಿಸಿ ಪೂರಾ ಮಾಡ್ರಿ."

"ಗೌಡ್ರ, ಇದು ಕದಂಬರ ಪದ್ಧತಿ. ಶಿಖರಾನ ಹಿಂಗ ಮೆಟ್ಟಲಾ ಇರತೈತಿ. ಪೂರಾ ಆಗೇತಿ," ಅಂದೆ.

ಯಾರು ಕೇಳಬೇಕು? ನನಗೂ ಕಲಶದ ಆಸೆ. ಗಾರೆಯ ಕರಣಿ ಹಿಡಿದು ಏರಿದರೆ, ಮೆಟ್ಟಿಲ ತುಂಬ ಪೂಜಾರಪ್ಪನವರ ಸಂಡಿಗೆ.

"ಗೊಂಬಿ ಕುಂತ್ರ ಸಂಡಿಗಿ ಎಲ್ಲಿ ಒಣಗಸೂದ್ರಿ?" ಅಂದರು ಪೂಜಾರಪ್ಪ.

"ದೇವರ ತಲೀಮ್ಯಾಲ ಸಂಡಿಗಿ ಅಂದ್ರ?" ಗೌಡರು ಗುಡುಗಿದರು.

"ಮೊನ್ನಿ ಪ್ರಸಾದಕ್ಕ ಮೂರು ಸಲ ಹಾಕಿಸ್ಕೊಂಡ್ರಲ್ಲ, ಅವೂ ಇಲ್ಲೇ ಒಣಗಿದ್ವು."

ಗೌಡರು ಗಂಟಲು ಸರಿಮಾಡಿಕೊಂಡು, "ಸಂಡಿಗಿ ಮುಗೀಲಿ, ಆಮ್ಯಾಲ ನೋಡೂನು," ಅಂದರು. ಸಂಡಿಗೆಯ ಬೆನ್ನಿಗೆ ಶಾವಿಗೆ, ಶಾವಿಗೆಯ ಬೆನ್ನಿಗೆ ಮೆಣಸಿನಕಾಯಿ ಬಂದವು.

ಗುಡಿಯ ಹಿಂದೆ ಹುಲ್ಲಿನಲ್ಲಿ ಆ ಶಿಖರದ್ದೇ ಹಳೇ ಕಲ್ಲಿನ ಕಲಶ ಬಿದ್ದಿತ್ತು. ನಾನೂ ಸಾಹೇಬರೂ ಹೊತ್ತು ಏರಿಸಿದೆವು. ತನ್ನ ಜಾಗ ಗೊತ್ತಿದ್ದಂತೆ ಕೂತಿತು. ಕೆಳಗಿಳಿದು, ಬೈಲಹೊಂಗಲದ ಬಸ್ಸಿಗೆ ಹೊತ್ತಾಯಿತೆಂದು ಕರಣಿ, ತೂಗುಗುಂಡು, ದಾರ ಚೀಲಕ್ಕೆ ತುಂಬತೊಡಗಿದೆ; ಅವುಗಳ ಮೇಲೆ ಪೂಜಾರಪ್ಪ ಕೊಟ್ಟ ಸಂಡಿಗೆ ಗಂಟು.

ಸಾಹೇಬರು ಶಿಖರದ ಕಡೆ ಕತ್ತೆತ್ತಿದರು. "ಮುಬಾರಕ್ ಉಸ್ತಾದ್! ಜಲ್ಮದಾಗ ಒಂದ ಗುಡಿ ಮುಗಿಸಿದ್ರಿ. ಅದೂ ಬ್ಯಾರೇದವರು ಕಟ್ಟಿದ್ದು."