ಖಡಕ್ ರೊಟ್ಟಿ, ಮೆತ್ತನೆ ಇಂಗ್ಲಿಷು

ನಮ್ಮ ಕಡೆ ಇಂಗ್ಲಿಷು ಅಂದರೆ ದೀಪಾವಳಿಗೆ ಬಂದ ಹೊಸ ಅಳಿಯನಿದ್ದ ಹಾಗೆ. ಮರ್ಯಾದೆ ಬಹಳ, ಸಲಿಗೆ ಕಡಿಮೆ. ಎದುರಿಗೆ ಬಂದರೆ ಎಲ್ಲರೂ ಎದ್ದು ನಿಲ್ಲುತ್ತಾರೆ, ಜೊತೆಗೆ ಕೂತು ನಾಲ್ಕು ಮಾತಾಡಿ ಅಂದರೆ ಒಬ್ಬರೂ ಸಿಗುವುದಿಲ್ಲ. ನಾನು ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಅಂತ ಸುತ್ತಿ ಮುದ್ದೇಬಿಹಾಳದಲ್ಲಿ ನಿವೃತ್ತಳಾದ ಇಂಗ್ಲಿಷ್ ಅಕ್ಕೋರು. ನೌಕರಿ ಮುಗಿದರೆ ಇಂಥ ಪ್ರಸಂಗಗಳೂ ಮುಗಿದಾವು ಅಂದುಕೊಂಡಿದ್ದೆ. ಎಲ್ಲಿಂದ ಮುಗಿಯಬೇಕು, ಈಗ ಅವು ಮನೆ ಬಾಗಿಲಿಗೇ ಬರುತ್ತವೆ.

ಈ ವರ್ಷದ್ದು ಬಂದದ್ದು ನಮ್ಮ ಹಿತ್ತಲ ಗೋಡೆಯ ಆಚೆಯ ರೊಟ್ಟಿ ಗುಂಪಿನಿಂದ. ಆ ಹೆಂಗಸರು ರೊಟ್ಟಿ ಮಾರಲು ದಿಲ್ಲಿಯ ಸರಕಾರಿ ಮೇಳಕ್ಕೆ ಹೋಗುತ್ತಾರೋ ಇಲ್ಲವೋ ಅನ್ನುವುದು ನಾನು ಕಲಿಸಿದ ಇಂಗ್ಲಿಷಿನ ಮೇಲೆ ನಿಂತಿತ್ತು. ಅದನ್ನು ಹೇಳುವ ಮೊದಲು ಹಳೆಯವು ಎರಡು ಹೇಳಿಬಿಡುತ್ತೇನೆ. ನಾನು ಎಂಥ ಪಾಠದವಳು ಅಂತ ನಿಮಗೂ ಗೊತ್ತಾಗಲಿ.

ಸಿಂದಗಿಯ ಶನಿವಾರ

ಸಿಂದಗಿಯಲ್ಲಿದ್ದಾಗ ನನಗೆ ಹುರುಪು ಜಾಸ್ತಿ. ಶನಿವಾರ ಮುಂಜಾನೆಯ ಸಾಲಿಯಲ್ಲಿ ಕಂಪೌಂಡಿನ ಒಳಗೆ ಯಾರೂ ಕನ್ನಡ ಆಡಬಾರದು, ಇಂಗ್ಲಿಷೇ ಆಡಬೇಕು ಅಂತ ಕಾಯಿದೆ ಮಾಡಿದೆ. ಮಕ್ಕಳು ಬಹಳ ಶಿಸ್ತಿನಿಂದ ಪಾಲಿಸಿದರು. ನೀರು ಬೇಕಾದವರು ನಳದ ಕಡೆ ಕೈ ತೋರಿಸಿದರು. ಪೆನ್ಸಿಲ್ ಬೇಕಾದವರು ಪಕ್ಕದವರ ಜೇಬಿಗೇ ಕೈ ಹಾಕಿದರು. ಜಗಳ ಕೂಡ ಬರೀ ಕಣ್ಣಿನಲ್ಲಿ ನಡೆಯಿತು.

ಸ್ವಲ್ಪ ಹೊತ್ತಿಗೆ ಹೆಡ್ ಮಾಸ್ತರು ಗಾಬರಿಯಾಗಿ ಕೋಣೆಯಿಂದ ಹೊರಗೆ ಬಂದರು.

"ಏನ್ರಿ ಅಕ್ಕೋರ, ಹುಡುಗ್ರೆಲ್ಲಾ ಮನಿಗೆ ಹೋದ್ವೇನು?"

"ಇಲ್ರಿ ಸರ, ಇಂಗ್ಲಿಷ್ ಮಾತಾಡಾಕತ್ತಾವು."

ಅವರು ಅಂಗಳದ ಕಡೆ ಒಮ್ಮೆ ನೋಡಿದರು. ಸಾಲಿ ಇಷ್ಟು ತಣ್ಣಗಿದ್ದದ್ದನ್ನು ಅವರು ತಮ್ಮ ಇಡೀ ಸರ್ವಿಸಿನಲ್ಲಿ ಕಂಡಿರಲಿಲ್ಲ.

"ಹಂಗಾದ್ರ ಸೋಮವಾರನೂ ಮಾತಾಡಿಸ್ರಿ. ತಪಾಸಣಿಗೆ ಸಾಹೇಬ್ರು ಬರವ್ರದಾರ."

ಇಂಡಿಯ ಟಾವೆಲ್

ಇಂಡಿಯಲ್ಲಿ ನಮ್ಮ ಬಾಡಿಗೆ ಮನೆಯ ಮಾಲೀಕರು ದನದ ಸಂತೆಯ ದಲ್ಲಾಳಿ. ಒಮ್ಮೆ ದೂರದ ರಾಜ್ಯದ ಗಿರಾಕಿಯೊಬ್ಬ ಎತ್ತಿನ ಜೋಡಿ ನೋಡಲು ಬರುವವನಿದ್ದ. ಅವನಿಗೆ ಇಂಗ್ಲಿಷು ಬಿಟ್ಟು ನಮಗೆ ತಿಳಿಯುವ ಮಾತು ಬಾರದು. ಮಾಲೀಕರು ದಿನಾ ಸಂಜೆ ಕಟ್ಟೆಯ ಮೇಲೆ ಕೂತು ನನ್ನಿಂದ ಪಾಠ ಹೇಳಿಸಿಕೊಂಡರು. ಗುಡ್ ಮಾರ್ನಿಂಗ್ ಬಂತು, ಗುಡ್ ಬುಲ್ ಬಂತು. ರೇಟು ಹೇಳುವ ಪಾಠ ಬಂದಾಗ ಮಾತ್ರ ನನ್ನನ್ನೇ ಸುಮ್ಮನಾಗಿಸಿದರು.

"ಅಕ್ಕೋರ, ರೇಟು ಯಾರರ ಬಾಯಿಲೆ ಹೇಳ್ತಾರೇನ್ರಿ? ನಾಕ ಮಂದಿ ಕೇಳಿದ್ರ ವ್ಯವಹಾರ ಕೆಡ್ತದ. ಅದಕ್ಕ ಟಾವೆಲ್ ಐತಿ."

ಸಂತೆಯಲ್ಲಿ ಹಾಗೇ. ಇಬ್ಬರ ಕೈ ಮೇಲೆ ಟಾವೆಲ್ ಹಾಕಿಕೊಂಡು, ಒಳಗೆ ಬೆರಳು ಹಿಡಿದು ರೇಟು ಹೇಳುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಸಂತೆಯ ದಿನ ಮಾಲೀಕರು ಗಿರಾಕಿಗೆ ಒಳ್ಳೆಯ ಗುಡ್ ಮಾರ್ನಿಂಗ್ ಹೇಳಿ, ಟಾವೆಲ್ ಹಾಸಿ, ಕೆಳಗಿನಿಂದ ಕೈ ಚಾಚಿದರು. ಆ ಮನುಷ್ಯ ಇದು ಈ ಊರಿನ ಶೇಕ್‌ಹ್ಯಾಂಡು ಅಂದುಕೊಂಡ. ಟಾವೆಲ್ಲಿನ ಒಳಗೆ ಕೈ ಹಾಕಿ, ಐದೂ ಬೆರಳು ಕೂಡಿಸಿ ಹಿಡಿದು, ಖುಷಿಯಿಂದ ಕುಲುಕಿದ. ಮಾಲೀಕರು ಐದು ಬೆರಳಿನ ರೇಟಿಗೆ ವ್ಯವಹಾರ ಮುಗಿಯಿತು ಅಂತ ಎತ್ತಿನ ಹಗ್ಗ ಬಿಚ್ಚಿ ಅವನ ಕೈಗೆ ಕೊಟ್ಟರು. ಆಮೇಲೆ ಬಾಯಿಯಿಂದ ರೇಟು ಕೇಳಿದ ಗಿರಾಕಿ ಹಗ್ಗ ಅಲ್ಲೇ ಬಿಟ್ಟು ಹೋದ.

ಸಂಜೆ ಮಾಲೀಕರು ಕಟ್ಟೆಗೆ ಬಂದು ಬೇಜಾರಿನಿಂದ ಕೂತರು. "ಬಾಯಿ ಸುಳ್ಳ ಹೇಳಿದ್ರ ನಡೀತದ್ರಿ ಅಕ್ಕೋರ. ಐದೂ ಬೆರಳು ಕೊಟ್ಟು ಕೈ ಸುಳ್ಳ ಹೇಳಿದ್ರ ಯಾವ ಭಾಷಾ ಕಲ್ತು ಏನ್ ಮಾಡೂದು?"

ಗೋಡೆಯಾಚೆಯ ಅಧ್ಯಕ್ಷಿ

ಈಗ ಮುದ್ದೇಬಿಹಾಳ. ನಮ್ಮ ಹಿತ್ತಲಿನ ಆಚೆ ಒಂದು ತಗಡಿನ ಶೆಡ್ಡಿದೆ. ಅಲ್ಲಿ ಓಣಿಯ ಹೆಂಗಸರ ಗುಂಪು ಖಡಕ್ ರೊಟ್ಟಿ ಮಾಡಿ ಮಾರುತ್ತದೆ. ಅದರ ಮುಖ್ಯಸ್ಥೆ ಕನ್ನೊಳ್ಳಿಯ ಮಗಳು, ಈ ಊರಿನ ಸೊಸೆ. ಎಲ್ಲರೂ ಆಕೆಯನ್ನು ಅಧ್ಯಕ್ಷಿ ಅಂತಲೇ ಕರೆಯುತ್ತಾರೆ, ಗಂಡನೂ ಸೇರಿ. ಆಕೆಯ ಬಲಗೈ ಖಜಾಂಚಿ ಬೀಬಿ, ತಾಳಿಕೋಟೆಯಿಂದ ಮದುವೆಯಾಗಿ ಬಂದವಳು. ಅಧ್ಯಕ್ಷಿಗೆ ಹೇಳಲು ಸಂಕೋಚವಾದ ಮಾತನ್ನೆಲ್ಲ ಹೇಳುವುದು ಬೀಬಿಯ ಕೆಲಸ.

ಒಂದು ಮಧ್ಯಾಹ್ನ ಇಬ್ಬರೂ ಬಂದರು. ಬೀಬಿ ಹೇಳಿದಳು. "ಅಕ್ಕೋರ, ದಿಲ್ಲಿ ಮ್ಯಾಳಕ್ಕ ನಮ್ಮ ಕಡಿಯಿಂದ ಒಂದs ಗುಂಪು ಒಯ್ತಾರಂತ. ಮುಂದಿನ ತಿಂಗಳ ಬಾಗೇವಾಡ್ಯಾಗ ಇಂಟರ್‌ವ್ಯೂ ಐತಿ. ಸಾಹೇಬ್ರು ಕೇರಳದವ್ರಂತ, ಕನ್ನಡನೂ ಬರೂದಿಲ್ಲ, ಹಿಂದಿನೂ ಬರೂದಿಲ್ಲ. ಇಂಗ್ಲಿಷಿನ್ಯಾಗs ಕೇಳ್ತಾರ."

ಅಧ್ಯಕ್ಷಿ ನೆಲ ನೋಡುತ್ತ, "ನಮ್ಮ ರೊಟ್ಟಿ ವಿಜಯಪುರ ದಾಟಿಲ್ರಿ" ಅಂದಳು. ಅಷ್ಟೇ ಅಂದದ್ದು. ಆದರೆ ಆ ಮಾತಿನಲ್ಲಿ ಎಷ್ಟು ಆಸೆ ಇತ್ತೆಂದರೆ, ಮಧ್ಯಾಹ್ನದ ನಿದ್ದೆ ಬಿಟ್ಟು ಪಾಠ ಹೇಳುತ್ತೇನೆ ಅಂತ ನಾನು ಒಪ್ಪಿಕೊಂಡುಬಿಟ್ಟೆ.

ಮೊದಲ ವಾರ ಆಕೆಯ ಬಾಯಿಂದ ಒಂದು ಶಬ್ದ ಹೊರಡಲಿಲ್ಲ. ಕಡೆಗೆ ಆಕೆಯೇ ದಾರಿ ಹುಡುಕಿದಳು. "ಅಕ್ಕೋರ, ನೀವs ಶೆಡ್ಡಿಗೆ ಬರ್ರಿ. ರೊಟ್ಟಿ ಬಡೀತಾ ಹೇಳಿದ್ರ ತಲ್ಯಾಗ ಕೂಡ್ತದ." ಹಾಗೇ ಆಯಿತು. ದಿಸ್ ಅನ್ನುವುದಕ್ಕೆ ಒಂದು ಬಡಿತ, ಈಸ್ ಅನ್ನುವುದಕ್ಕೆ ಒಂದು, ರೊಟ್ಟಿ ಅನ್ನುವಾಗ ಹಿಟ್ಟು ಬಡಿಯುವ ಮರದ ಕೊಣಮಿಗೆಯಲ್ಲಿ ಒಂದು ಸುತ್ತು. ರೊಟ್ಟಿ ಮುಗಿಯುವುದರೊಳಗೆ ವಾಕ್ಯವೂ ಮುಗಿಯುತ್ತಿತ್ತು. ಹಿಟ್ಟಿಲ್ಲದ ಕಡೆ ಮಾತು ಬರುವುದಿಲ್ಲವಲ್ಲ ಅಂತ ಹೆದರಿ ನಮ್ಮ ಮನೆಯಲ್ಲಿ ಮೇಜು ಬಡಿದು ರೂಢಿ ಮಾಡಿಸಿದೆ. ಪ್ರತಿ ಮಾತಿಗೂ ರಿ ಹಚ್ಚುವುದನ್ನು ಮಾತ್ರ ಬಿಡಿಸಲಾಗಲಿಲ್ಲ. ಯೆಸ್ ರಿ, ನೋ ರಿ, ಗುಡ್ ಮಾರ್ನಿಂಗ್ ರಿ. ಬೇಡ ಅಂದರೆ, "ರಿ ಇಲ್ಲದ ಮಾತಿಗೆ ಮರ್ಯಾದಿ ಎಲ್ಲಿಂದ ಬರ್ತದ್ರಿ?" ಅನ್ನುತ್ತಿದ್ದಳು.

ತಿಂಗಳು ಮುಗಿಯುವ ಹೊತ್ತಿಗೆ ನನ್ನ ಮೇಜಿನ ಕಾಲು ಸಡಿಲಾಗಿತ್ತು, ಆಕೆಯ ಇಂಗ್ಲಿಷು ಗಟ್ಟಿಯಾಗಿತ್ತು.

ಹೆಸರು ಹೇಳು ಅಂದರೆ

ಇಂಟರ್‌ವ್ಯೂದಲ್ಲಿ ಗಂಡನ ಹೆಸರು ಕೇಳಿಯೇ ಕೇಳುತ್ತಾರೆ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಬರಿದೇ ಹೇಳುವುದಿಲ್ಲ, ಪ್ರಾಸ ಹೊಂದಿಸಿ ಒಡಪು ಕಟ್ಟಿ ಹೇಳುತ್ತಾಳೆ. "ಇಂಗ್ಲಿಷಿನ್ಯಾಗ ಹೇಳಿದ್ರ ದೋಷ ಇಲ್ಲ ತಗೋ" ಅಂತ ನಾನು ಧೈರ್ಯ ಕೊಟ್ಟೆ. ಆಕೆ ಒಪ್ಪಲಿಲ್ಲ. "ಭಾಷಾ ಬ್ಯಾರೆ ಆದ್ರ ಗಂಡ ಬ್ಯಾರೆ ಆಗ್ತಾನೇನ್ರಿ?" ಅಂತ ಕೇಳಿ ಮನೆಗೆ ಹೋದವಳು, ಮರುದಿನ ಇಂಗ್ಲಿಷಿನಲ್ಲೇ ಒಡಪು ಕಟ್ಟಿಕೊಂಡು ಶೆಡ್ಡಿಗೆ ಬಂದಳು.

"ಹಾಟ್ ಹಾಟ್ ರೊಟ್ಟಿ, ಕೋಲ್ಡ್ ಕೋಲ್ಡ್ ಕರ್ಡ್, ಈರಪ್ಪ ಈಸ್ ಮ್ಯಾನ್ ಆಫ್ ಒನ್ ವರ್ಡ್."

ನಾನು ಮೂವತ್ತು ವರ್ಷ ಪದ್ಯ ಕಲಿಸಿದವಳು, ಇಂಥ ಪ್ರಾಸ ಹೊಳೆದಿರಲಿಲ್ಲ. ಶೆಡ್ಡಿನ ಪಕ್ಕದ ತಮ್ಮ ಮನೆಯ ಮುಂದೆ ಟಂಟಂ ಗಾಡಿ ತೊಳೆಯುತ್ತಿದ್ದ ಗಂಡನಿಗೆ ತನ್ನ ಹೆಸರು ಕೇಳಿಸಿತು. "ಏನಂದ್ಳ್ರಿ ನನಗ?" ಅಂದ. ಒಂದೇ ಮಾತಿನ ಮನುಷ್ಯ ಅಂತ ಹೊಗಳಿದ್ದಾಳೆ ಅಂದೆ. ಅವನ ಮುಖ ಅರಳಿತು.

ಆ ಮನೆಯ ಬಾಗಿಲಲ್ಲಿ ಕೂತು ಶೇಂಗಾ ಒಡೆಯುತ್ತಿದ್ದ ಅವನ ತಾಯಿ ತಲೆ ಎತ್ತದೆ ಹೇಳಿದಳು. "ಖರೇನ ಐತಿ ಬಿಡ್ರಿ. ಮುಂಜಾನಿಂದ ಸಂಜೀತನಾ ಒಂದs ಮಾತು. ಉಣ್ಣಾಕ ಹಾಕು."

ಬಾಗೇವಾಡಿಯ ಇಂಟರ್‌ವ್ಯೂ

ಬಾಗೇವಾಡಿಗೆ ನಾವು ಮೂವರೂ ಹೋದೆವು. ಗೊಳಸಂಗಿಯಿಂದ ಶೇಂಗಾ ಹೋಳಿಗೆಯ ಗುಂಪೂ ಬಂದಿತ್ತು. ಒಳಗೆ ಬಿಟ್ಟದ್ದು ಅಧ್ಯಕ್ಷಿಯೊಬ್ಬಳನ್ನೇ. ನಾನೂ ಬೀಬಿಯೂ ಕಿಟಕಿಯ ಹೊರಗೆ ಬೆಂಚಿನ ಮೇಲೆ ಕೂತೆವು. ಮಾತು ಎಲ್ಲವೂ ಕೇಳಿಸಲಿಲ್ಲ, ಆದರೆ ಮೇಜು ಬಡಿಯುವ ಸದ್ದು ಸಮಾ ತಾಳದಲ್ಲಿ ಬರುತ್ತಿತ್ತು. ಒಡಪಿನ ಹೊತ್ತಿಗೆ ಸಾಹೇಬರು ನಕ್ಕದ್ದೂ ಕೇಳಿಸಿತು. ಬೀಬಿ ನನ್ನ ಕೈ ಹಿಸುಕಿದಳು. ದಿಲ್ಲಿ ಸಿಕ್ಕಿತು ಅಂತಲೇ ನಾನೂ ತಿಳಿದೆ.

ಅಧ್ಯಕ್ಷಿ ಹೊರಗೆ ಬಂದಳು. ಮುಖ ಸಪ್ಪಗಿತ್ತು.

"ಹೆಂಗಾತು?"

"ಎಲ್ಲಾ ಚೊಲೋ ಆತ್ರಿ. ಕೇಳಿದ್ದಕ್ಕೆಲ್ಲಾ ಹೇಳ್ದೆ. ಕಡೀಕ ದಿಲ್ಲಿಗೆ ಬರ್ತೀರೇನು ಅಂತ ಕೇಳಿದ್ರು."

"ಮತ್ತ?"

"ನೋ ಅಂದೆ."

ಬೀಬಿ ಬೆಂಚಿನಿಂದ ಎದ್ದೇ ನಿಂತಳು. "ನೋ ಅಂದಿ?"

"ಮತ್ತೇನ ಅನ್ಬೇಕು? ಒಂದ ಸಲ ಕೇಳೂದ್ರಾಗ ಹೂಂ ಅಂದ್ರ ಆಸಿಬುರುಕಿ ಅನ್ನೂದಿಲ್ಲೇನು? ಮತ್ತ ಕೇಳ್ತಾರಂತ ನಿಂತೇ ಇದ್ದೆ. ಅವ್ರು ಕೇಳ್ಲೇ ಇಲ್ಲ. ಥ್ಯಾಂಕ್ಯೂ ಅಂದು ಕಳಿಸಿಬಿಟ್ರು. ಕುಂದರ್ರಿ ಅಂದಾಗನೂ ಹಂಗs ಆತು. ಒಲ್ಲೆ ಅಂದೆ, ಸುಮ್ಮನಾದ್ರು. ಕಡೀತನಾ ನಿಂತs ಮಾತಾಡೇನಿ."

ನಗು ಬರಬೇಕಾದ ಮಾತು, ನನಗೆ ಅಳುವೇ ಬಂತು. ನಮ್ಮ ಊರುಗಳಲ್ಲಿ ಚಹಾ ಬೇಕೇ ಅಂದರೆ ಯಾರೂ ಮೊದಲನೇ ಸಲಕ್ಕೆ ಹೂಂ ಅನ್ನುವುದಿಲ್ಲ. ಕೇಳುವವರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಸಾಹೇಬರಿಗೆ ಹೇಗೆ ಗೊತ್ತಿರಬೇಕು? ಒಳಗೆ ಹೋಗಿ ಹೇಳುತ್ತೇನೆ ಅಂತ ಹೊರಟರೆ ಅಧ್ಯಕ್ಷಿ ನನ್ನ ಸೆರಗು ಹಿಡಿದಳು.

"ಬ್ಯಾಡ್ರಿ ಅಕ್ಕೋರ. ನಾವs ಹೋಗಿ ಕೈಯೊಡ್ಡಿ ಬೇಡಿದಂಗ ಆಗ್ತದ. ದಿಲ್ಲಿ ಹೋದ್ರ ಹೋಗ್ಲಿ."

ಬೀಬಿ ನಿಟ್ಟುಸಿರು ಬಿಟ್ಟು ನನಗೆ ಹೇಳಿದಳು. "ಇಕಿನ್ನ ಮದುವಿಗೆ ಒಪ್ಪಿಸೂದರಾಗ ಈರಪ್ಪನ ಅರ್ಧಾ ಆಯುಷ್ಯ ಹೋಗಿರಬೇಕ್ರಿ."

ಬೇಡ ಅಂದವರಿಗೆ ಬಡಿಸುವುದು

ಇನ್ನೊಂದು ದಾರಿ ಉಳಿದಿತ್ತು. ಸಾಹೇಬರು ಎಲ್ಲ ಗುಂಪುಗಳ ಜಾಗ ನೋಡಿಯೇ ತೀರ್ಮಾನ ಮಾಡುವವರಿದ್ದರು. ಮರುದಿನ ಮಧ್ಯಾಹ್ನ ನಮ್ಮ ಶೆಡ್ಡಿಗೆ ಬಂದರು. ಸಣ್ಣ ವಯಸ್ಸು, ಮೆತ್ತನೆ ಸ್ವಭಾವ. ಅವರ ಇಂಗ್ಲಿಷಿಗೂ ಅವರ ಊರಿನ ಒಗ್ಗರಣೆ ಇತ್ತು. ಒಲೆ ನೋಡಿದರು, ಹಿಟ್ಟು ನೋಡಿದರು. ದಿಲ್ಲಿಯ ಸುದ್ದಿ ಎತ್ತಲಿಲ್ಲ. ಬರುವುದಿಲ್ಲ ಅಂದವರ ಹತ್ತಿರ ಯಾಕೆ ಎತ್ತಬೇಕು?

ಅಧ್ಯಕ್ಷಿಯೂ ಎತ್ತಲಿಲ್ಲ. ಚಾಪೆ ಹಾಸಿ, ತಾಟು ಇಟ್ಟು, ಬಿಸಿ ರೊಟ್ಟಿ, ಬದನೆಕಾಯಿಯ ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸಿದಳು. ಸಾಹೇಬರು ಎರಡು ರೊಟ್ಟಿ ಪ್ರೀತಿಯಿಂದ ಉಂಡರು. ಮೂರನೆಯದು ಬಂದಾಗ "ನೋ, ಥ್ಯಾಂಕ್ಯೂ" ಅಂದರು. ಅಧ್ಯಕ್ಷಿ ಹಾಕಿದಳು. ಕಷ್ಟಪಟ್ಟು ಅದನ್ನೂ ಉಂಡರು. ನಾಲ್ಕನೆಯದು ಬಂತು. "ನೋ, ನೋ" ಅಂತ ತಾಟಿನ ಮೇಲೆ ಅಂಗೈ ಅಡ್ಡ ಹಿಡಿದರು. ಅಧ್ಯಕ್ಷಿ ರೊಟ್ಟಿಯನ್ನು ಆ ಅಂಗೈ ಮೇಲೆಯೇ ಇಟ್ಟಳು.

ಸಾಹೇಬರು ನನ್ನ ಕಡೆ ತಿರುಗಿದರು. "ಮೇಡಂ, ಐ ಸೆಡ್ ನೋ."

ನಾನು ಬಾಯಿ ತೆರೆಯುವುದರೊಳಗೆ ಅಧ್ಯಕ್ಷಿ ಕೊಣಮಿಗೆಯ ಅಂಚು ಬಡಿಯುತ್ತ ಶುರು ಮಾಡಿದಳು.

"ಸರ್ ರಿ, ಫಸ್ಟ್ ನೋ, ಫಾರ್ ರಿಸ್ಪೆಕ್ಟ್. ಸೆಕೆಂಡ್ ನೋ, ಫಾರ್ ಶೈ. ಥರ್ಡ್ ನೋ, ಫಾರ್ ಸ್ಟಮಕ್. ಓನ್ಲಿ ಥರ್ಡ್ ನೋ ಈಸ್ ನೋ."

ಸಾಹೇಬರು ಅಂಗೈ ಮೇಲಿನ ರೊಟ್ಟಿ ನೋಡಿದರು. "ದಿಸ್ ಈಸ್ ವಿಚ್ ನೋ?"

"ಸೆಕೆಂಡ್, ಸರ್ ರಿ. ಈಟ್ ರಿ."

ಅವರು ರೊಟ್ಟಿ ಮುರಿದರು. ಅರ್ಧ ಉಂಡವರು ಹಾಗೇ ನಿಲ್ಲಿಸಿ ಅಧ್ಯಕ್ಷಿಯ ಮುಖ ನೋಡಿದರು. ನಿನ್ನೆ ನಾನು ದಿಲ್ಲಿಗೆ ಬರುತ್ತೀರಾ ಅಂತ ಕೇಳಿದಾಗ ನೀವು ಹೇಳಿದ್ದು ಯಾವ ನೋ, ಅಂತ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು.

ಅಧ್ಯಕ್ಷಿ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದಳು. "ಫಸ್ಟ್, ಸರ್ ರಿ."

ಸಾಹೇಬರು ನಕ್ಕ ನಗುವಿಗೆ ಅವರ ಕಣ್ಣಲ್ಲಿ ನೀರು ಬಂತು. ಚಟ್ನಿಯ ಖಾರವೂ ಇರಬಹುದು. ನಗು ನಿಂತ ಮೇಲೆ ಸರಿಯಾಗಿ ಕೂತು ಕೇಳಿದರು. "ವಿಲ್ ಯು ಕಮ್ ಟು ಡೆಲ್ಲಿ?"

ಶೆಡ್ಡಿನಲ್ಲಿ ರೊಟ್ಟಿ ಬಡಿಯುವುದು ನಿಂತಿತು. ಹೂಂ ಅನ್ನು ತಾಯಿ, ಈಗಲಾದರೂ ಹೂಂ ಅನ್ನು ಅಂತ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಬೀಬಿ ಹಿಂದಿನಿಂದ ಆಕೆಯ ತೋಳು ಚಿವುಟಿದಳು.

"ನೋ, ಸರ್ ರಿ" ಅಂದಳು ಅಧ್ಯಕ್ಷಿ.

ಬೀಬಿ ತಲೆಯ ಮೇಲೆ ಕೈ ಹೊತ್ತು ಹಿಟ್ಟಿನ ಚೀಲದ ಮೇಲೆ ಕೂತುಬಿಟ್ಟಳು. ಸಾಹೇಬರು ಮಾತ್ರ ಕಲಿತಿದ್ದರು. ಎಂಜಲು ಕೈಯನ್ನು ಹಿಂದೆ ಸರಿಸಿ, ಎಡಗೈಯನ್ನು ಎದೆಯ ಮೇಲಿಟ್ಟು, ಮನೆಯ ಹಿರಿಯರನ್ನು ಕರೆಯುವವರಂತೆ ತಲೆ ಬಾಗಿಸಿ ಮತ್ತೆ ಕೇಳಿದರು. ಪ್ಲೀಸ್ ಅಂದರು. ನಾನು ಕಲಿಸದಿದ್ದರೂ, ಕೊನೆಗೊಂದು ರಿ ಕೂಡ ಹಚ್ಚಿದರು.

"ಪ್ಲೀಸ್ ಕಮ್ ಟು ಡೆಲ್ಲಿ, ರಿ."

ಅಧ್ಯಕ್ಷಿ ಅವಸರ ಮಾಡಲಿಲ್ಲ. ಕೈಯ ಹಿಟ್ಟು ಕೊಡವಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ನಮ್ಮನ್ನೆಲ್ಲ ಒಮ್ಮೆ ನೋಡಿದಳು, ಏನು ಮಾಡುವುದು ಹೇಳಿ, ಇವರು ಬಿಡುವ ಹಾಗೆ ಕಾಣುವುದಿಲ್ಲ ಅನ್ನುವಂತೆ.

"ಯು ಆರ್ ಫೋರ್ಸಿಂಗ್ ಸೋ ಮಚ್, ಸರ್ ರಿ" ಅಂದಳು. "ಓಕೆ. ಫಾರ್ ಯುವರ್ ಹ್ಯಾಪಿನೆಸ್ ಓನ್ಲಿ, ಐ ವಿಲ್ ಕಮ್."