ಮಗ್ಗದ ಗುಂಡಿಯಲ್ಲೊಂದು ಫ್ಯೂಷಿಯಾ

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಬೆಟಗೇರಿಯಲ್ಲಿ ಯಾರಾದರೂ ನನ್ನ ಮುಂದೆ ಹೇಳಿದರೆ ನಾನು ಜಗಳ ತೆಗೆಯುವುದಿಲ್ಲ. ನಿಮಗೆ ಇಷ್ಟು ತಡವಾಗಿ ಯಾಕೆ ಗೊತ್ತಾಯಿತು ಎಂದಷ್ಟೇ ಕೇಳುತ್ತೇನೆ. ಏಪ್ರಿಲ್ ತಿಂಗಳಲ್ಲಿ ನಾಯಿಯೂ ನೆರಳು ಬಿಟ್ಟು ಕದಲದ ಊರು ನಮ್ಮದು. ಅಲ್ಲಿ ಊಟಿಯ ಹೂಗಿಡ ಸಾಕುತ್ತೇನೆಂದು ಹೊರಟ ಮನುಷ್ಯನನ್ನು ಬೇರೆ ಏನೆಂದು ಕರೆಯಬೇಕು? ಸಾಕಿದ್ದಾದರೂ ಎಲ್ಲಿ? ಅಂಗಳದಲ್ಲಲ್ಲ, ಹಿತ್ತಲಲ್ಲಲ್ಲ, ಮಾಳಿಗೆಯ ಮೇಲಲ್ಲ. ಮನೆಯೊಳಗೆ, ಮಗ್ಗದ ಗುಂಡಿಯಲ್ಲಿ!

ಗುಂಡಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಮಾವ ನೇಕಾರ. ನಲವತ್ತು ವರ್ಷ ಕುಣಿಮಗ್ಗದಲ್ಲಿ ಸೀರೆ ನೇಯ್ದವನು. ಈ ಮಗ್ಗಕ್ಕೆ ನೆಲದಲ್ಲೊಂದು ಗುಂಡಿ ತೋಡಿರುತ್ತಾರೆ. ನೇಯುವವನು ಅದರ ಅಂಚಿಗೆ ಕುಳಿತು, ಕಾಲು ಒಳಗೆ ಇಳಿಬಿಟ್ಟು ತುಳಿಯುತ್ತಾನೆ. ಕೋಣೆಗೆ ಬಿಸಿಲು ಬೀಳಬಾರದು, ನೆಲ ತಂಪಾಗಿರಬೇಕು, ಇಲ್ಲವಾದರೆ ನೂಲು ಪಟಪಟನೆ ಹರಿಯುತ್ತದೆ. ಕಣ್ಣು ಮಂಜಾದ ಮೇಲೆ ಮಾವ ಮಗ್ಗ ಬಿಚ್ಚಿಸಿ ಯಾರಿಗೋ ಕೊಟ್ಟ. ಗುಂಡಿ ಉಳಿಯಿತು. ಅದನ್ನು ಮುಚ್ಚಿ ಆ ಕೋಣೆಯಲ್ಲೇ ಬಚ್ಚಲು, ಪಾಯಖಾನೆ ಕಟ್ಟಿಸಬೇಕೆಂಬುದು ಅತ್ತೆಯ ಆಸೆ. ಇದ್ದ ಬಚ್ಚಲು ಹಿತ್ತಲಲ್ಲಿತ್ತು, ಐದು ಮೆಟ್ಟಿಲು ಇಳಿದು ಹೋಗಬೇಕು, ಅತ್ತೆಯ ಮೊಣಕಾಲು ಎರಡೂ ಸವೆದಿದ್ದವು. ನ್ಯಾಯವಾಗಿ ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಅಷ್ಟರಲ್ಲಿ ಓಣಿಯವರೆಲ್ಲ ಸೇರಿ ಊಟಿಗೆ ಪ್ರವಾಸ ಹೋದರು.

ಅಲ್ಲೊಂದು ನರ್ಸರಿಯಲ್ಲಿ ಮಾವ ಫ್ಯೂಷಿಯಾ ನೋಡಿದ. ಕೆಂಪು ದಳ, ಒಳಗೆ ನೇರಳೆ ಬಣ್ಣದ ಲಂಗ, ಕೆಳಗೆ ಜೋತುಬಿದ್ದ ಎಳೆಗಳು. ಥೇಟ್ ಕಿವಿಯ ಜುಮಕಿ. ಆ ದಿನದ ಮುಂದಿನ ಕಾರ್ಯಕ್ರಮವನ್ನೆಲ್ಲ ಬಿಟ್ಟು ಆ ಗಿಡದ ಮುಂದೆಯೇ ನಿಂತನಂತೆ. ನರ್ಸರಿಯವನು, ಇದು ಗಟ್ಟಿ ಜಾತಿ, ಹಿಮ ಬಿದ್ದರೂ ಬೇರು ಸಾಯುವುದಿಲ್ಲ, ನೆರಳು ತಂಪು ಇದ್ದರೆ ಸಾಕು, ಬುಡವನ್ನು ಆಳದಲ್ಲಿ ಹುಗಿಯಬೇಕು ಎಂದು ಹೇಳಿದ. ನೆರಳು, ತಂಪು, ಆಳ. ಮಾವನ ಕಣ್ಣಮುಂದೆ ಏನು ಬಂದಿರಬೇಕು ನೀವೇ ಊಹಿಸಿ! ಊರಿಗೆ ಬಂದವನು ನನ್ನನ್ನು ಕರೆಸಿ, "ಹಿಮಕ್ಕ ಸಾಯದ್ದು ನಮ್ಮ ಬಿಸಲಿಗೆ ಸಾಯತೈತೇನು? ನೀ ಶಾಲ್ಯಾಗ ಕಲಸಾಕಿ, ಹೇಳು" ಎಂದ. ನಾನು ಗದಗಿನ ಶಾಲೆಯಲ್ಲಿ ಕಲಿಸುವುದು ಗಣಿತ. ಹಾಗೆಂದು ಹೇಳಿದ್ದನ್ನು ಮಾವ ಒಪ್ಪಿಗೆ ಎಂದು ತಿಳಿದುಕೊಂಡ.

ಗಿಡ ಊರು ಮುಟ್ಟಿದ್ದೇ ಒಂದು ಕಥೆ. ಬಸ್ಸು ತಿರುವಿನಲ್ಲಿ ಹೊರಳಿದಾಗೆಲ್ಲ ಬಿಸಿಲು ಆಚೆಯ ಕಿಟಕಿಗೆ ಹೋಗುವುದು, ಈಚೆಯ ಕಿಟಕಿಗೆ ಬರುವುದು. ಮಾವ ಗಿಡವನ್ನು ತೊಡೆಯ ಮೇಲಿಟ್ಟುಕೊಂಡು, "ಸ್ವಲ್ಪ ಏಳ್ರಿ, ಇದಕ್ಕ ಬಿಸಲ ಬಡೀತೈತಿ" ಎಂದು ನೆರಳಿದ್ದಲ್ಲಿ ಕುಳಿತವರನ್ನು ಎಬ್ಬಿಸುವುದು. ಹುಬ್ಬಳ್ಳಿ ದಾಟುವಷ್ಟರಲ್ಲಿ ಬಸ್ಸಿನಲ್ಲಿದ್ದವರೆಲ್ಲ ಒಂದೊಂದು ಸಲ ಎದ್ದು ಕುಳಿತಾಗಿತ್ತು. ಅತ್ತೆಯನ್ನು ಮಾತ್ರ ಯಾರೂ ಎಬ್ಬಿಸಲಿಲ್ಲ. ಅವಳು ಊಟಿಯಿಂದ ಬೆಟಗೇರಿಯವರೆಗೂ ಬಿಸಿಲಿನಲ್ಲೇ ಕುಳಿತು ಬಂದಳು.

ಗುಂಡಿಯಲ್ಲಿ ಕೆಮ್ಮಣ್ಣು, ಮರಳು, ಎಲೆಗೊಬ್ಬರ ತುಂಬಿ, ಅರ್ಧ ಆಳದಲ್ಲಿ ಗಿಡ ಹುಗಿದು, ಸುತ್ತ ಹಗ್ಗ ಕಟ್ಟಿ ಒದ್ದೆ ಧೋತರ ಇಳಿಬಿಟ್ಟಾಯಿತು. ಅತ್ತೆ ಮಲ್ಲಸಮುದ್ರದ ಮೇಸ್ತ್ರಿಯನ್ನು ಮೊದಲ ಸಲ ಕರೆಸಿದ್ದು ಆಗಲೇ. ಆತ ಟೇಪು ಬಿಚ್ಚುವ ಮೊದಲೇ ಮಾವ, ಗಿಡ ಈಗ ಬೇರು ಬಿಡುತ್ತಿದೆ, ಆಮೇಲೆ ಬಾ ಎಂದು ಕಳಿಸಿದ. ಎರಡನೆಯ ಸಲ ಬಂದಾಗ ಗಿಡ ಚಿಗುರುತ್ತಿತ್ತು. ಮೂರನೆಯ ಸಲ ಬಂದಾಗ ಬೇಸಿಗೆ. ಎಲೆಗಳೆಲ್ಲ ಉದುರಿ ನಾಲ್ಕು ಕಡ್ಡಿ ನಿಂತಿದ್ದವು. ಸತ್ತಿದೆಯಲ್ಲ, ಇನ್ನು ಮುಚ್ಚಬಹುದಲ್ಲ ಎಂದ ಮೇಸ್ತ್ರಿ. ಮಾವ ಗುಂಡಿಗಿಳಿದು ಒಂದು ಕಡ್ಡಿಯನ್ನು ಉಗುರಿನಿಂದ ಕೆರೆದು ಒಳಗಿನ ಹಸಿರು ತೋರಿಸಿ, ಮಲಗಿದೆ, ಮೆಲ್ಲಗೆ ಮಾತಾಡು ಎಂದ. ಪಾಪ, ಮೇಸ್ತ್ರಿ ಚಪ್ಪಲಿ ಕೈಯಲ್ಲಿ ಹಿಡಿದು ಹೊರಗೆ ಬಂದನಂತೆ.

ಆ ಬೇಸಿಗೆಯಲ್ಲೇ ಮಂಜುಗಡ್ಡೆಯ ಪ್ರಸಂಗ ನಡೆದದ್ದು. ಮಧ್ಯಾಹ್ನ ಎರಡು ಗಂಟೆಗೆ ಮಾವ ಸೈಕಲ್ಲಿನ ಹಿಂದೆ ಗೋಣಿ ಸುತ್ತಿದ ದೊಡ್ಡದೊಂದು ಮಂಜುಗಡ್ಡೆ ಕಟ್ಟಿಕೊಂಡು, ಬೆವರು ಸುರಿಸುತ್ತ, ಯಾರ ಜೊತೆಗೂ ಮಾತಾಡದೆ ಓಣಿ ಹೊಕ್ಕ. ಬೇಸಿಗೆಯಲ್ಲಿ ಒಂದು ಮನೆಗೆ ಅಷ್ಟು ದೊಡ್ಡ ಮಂಜುಗಡ್ಡೆ ಹೋಗುತ್ತಿದೆ ಎಂದರೆ ನಮ್ಮಲ್ಲಿ ಅದಕ್ಕೆ ಒಂದೇ ಅರ್ಥ. ಅತ್ತೆ ಕಾಲು ನೋವೆಂದು ಎರಡು ದಿನದಿಂದ ಹೊರಗೆ ಕಾಣಿಸಿಕೊಂಡಿರಲಿಲ್ಲ ಬೇರೆ. ಅರ್ಧ ಗಂಟೆಯಲ್ಲಿ ಮನೆಯ ಮುಂದೆ ಮೂವತ್ತು ಜನ! ಪಕ್ಕದ ಮನೆಯ ಟೇಲರ್ ದಾವಲಸಾಬ್ ಅಂಗಡಿ ಮುಚ್ಚಿ, ಟೋಪಿ ಹಾಕಿಕೊಂಡು, ದೊಡ್ಡ ಹಾರವನ್ನೇ ತಂದಿದ್ದರು. ಗದ್ದಲ ಕೇಳಿ ಬಾಗಿಲಿಗೆ ಬಂದ ಅತ್ತೆ ಯಾರು ಹೋದರೆಂದು ಅವರನ್ನೇ ಕೇಳಿದಳು. ದಾವಲಸಾಬ್ ಹಾರವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, "ಯಾರೂ ಹೋಗಿಲ್ಲ ಬಿಡ್ರಿ ವೈನಿ, ಹಿಂಗ ಬಂದಿದ್ವಿ" ಎಂದರು. ಅತ್ತೆಗೆ ಎಲ್ಲ ಅರ್ಥವಾಯಿತು; ಮಂಜುಗಡ್ಡೆ ಆಗಲೇ ಗುಂಡಿಯಲ್ಲಿ ಗಿಡದ ಪಕ್ಕ ತಂಪು ಬಿಡುತ್ತಿತ್ತು. ಬಂದವರನ್ನು ಹಾಗೇ ಕಳಿಸಬಾರದೆಂದು ಮೂವತ್ತು ಜನರಿಗೂ ಚಹಾ ಮಾಡಿದಳು.

ಇಷ್ಟೆಲ್ಲ ಮಾಡಿಸಿಕೊಂಡ ಗಿಡ ಮೂರು ವರ್ಷದಲ್ಲಿ ಒಂದೂ ಹೂ ಬಿಡಲಿಲ್ಲ. ಬೇಸಿಗೆಗೆ ಕಡ್ಡಿಯಾಗುವುದು, ಮಳೆಗೆ ಚಿಗುರುವುದು, ಚಳಿಗೆ ಸುಮ್ಮನೆ ನಿಲ್ಲುವುದು. ಬೆಳಕು ಸಾಲದೇನೋ ಎಂದು ಮಾವ ಅತ್ತೆಯ ಕನ್ನಡಿ ತೆಗೆದು ಕಿಟಕಿಯ ಎದುರಿಗಿಟ್ಟ. ಅತ್ತೆ ಸ್ಟೀಲಿನ ತಾಟಿನಲ್ಲಿ ಮುಖ ನೋಡಿಕೊಂಡು ಕುಂಕುಮ ಹಚ್ಚಿಕೊಳ್ಳತೊಡಗಿದಳು. ಅತ್ತೆ ಒಂದೊಂದು ಮೆಟ್ಟಿಲಿಗೂ ಗೋಡೆ ಹಿಡಿದು ಹಿತ್ತಲಿಗೆ ಇಳಿಯುವುದನ್ನು ನೋಡಿದಾಗ ನನಗೆ ನಗು ಬರುತ್ತಿರಲಿಲ್ಲ. ಲಕ್ಷ್ಮೇಶ್ವರಕ್ಕೆ ಕೊಟ್ಟ ಮಗಳು ಫೋನಿನಲ್ಲಿ ಅಪ್ಪನ ಜೊತೆ ಜಗಳವಾಡುತ್ತಿದ್ದಳು. ಒಂದು ಹೂ ಬಿಡಲಿ, ಆಮೇಲೆ ಮುಚ್ಚಿಸುತ್ತೇನೆ ಎಂಬುದೇ ಮಾವನ ಉತ್ತರ.

ಹೋದ ಚಳಿಗಾಲದಲ್ಲಿ ಒಂದು ದಿನ ನಾನು ಪಾಠ ಮಾಡುತ್ತಿದ್ದಾಗ ಮಾವನ ಫೋನು ಬಂತು. "ಜಲ್ದಿ ಬಾ" ಎಂದವನೇ ಇಟ್ಟುಬಿಟ್ಟ. ಅತ್ತೆ ಮೆಟ್ಟಿಲಿನಿಂದ ಬಿದ್ದಳೆಂದೇ ನಾನು ತಿಳಿದೆ. ರಜೆ ಚೀಟಿ ಬರೆದು ಆಟೋ ಹಿಡಿದು ಓಡಿದರೆ, ಅತ್ತೆ ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಾಳೆ! ಮಾವ ಗುಂಡಿಯಲ್ಲಿ ನಿಂತು ಬ್ಯಾಟರಿ ಹಿಡಿದು ಕರೆದ. ಎಲೆಯ ಸಂದಿಯಲ್ಲಿ ಜೋಳದ ಕಾಳಿನಷ್ಟು ಒಂದು ಮೊಗ್ಗು.

ನನ್ನ ಹೆದರಿಕೆ ಸುಳ್ಳಾಗಲಿಲ್ಲ. ಅದಾದ ನಾಲ್ಕನೆಯ ದಿನಕ್ಕೆ ಅತ್ತೆ ನಿಜವಾಗಿಯೇ ಮೆಟ್ಟಿಲಿನಲ್ಲಿ ಜಾರಿದಳು. ಎಲುಬು ಮುರಿಯಲಿಲ್ಲ, ಆದರೆ ಡಾಕ್ಟರು ಇನ್ನು ತಡ ಮಾಡಬೇಡಿ, ಮೊಣಕಾಲಿನ ಆಪರೇಷನ್ ಆಗಲೇಬೇಕು ಎಂದರು. ಮನೆಗೆ ಹೋದ ಮೇಲೆ ಮೆಟ್ಟಿಲು ಇಳಿಯುವಂತಿಲ್ಲ, ಮಲಗುವ ಕೋಣೆಯ ಹತ್ತಿರವೇ ಪಾಯಖಾನೆ ಬೇಕು ಎಂದೂ ಹೇಳಿದರು. ಮಾವ ತಲೆ ತಗ್ಗಿಸಿ ಕೇಳಿಸಿಕೊಂಡ.

ಆಪರೇಷನ್ ಮಾಡಿಸಿಕೊಂಡು ಅತ್ತೆ ಎಂಟು ದಿನ ಆಸ್ಪತ್ರೆಯಲ್ಲಿದ್ದಳು. ಹಗಲಲ್ಲಿ ನಾನು ಅಥವಾ ನನ್ನ ಮನೆಯಲ್ಲಿ ಉಳಿದಿದ್ದ ಮಗಳು. ಮಾವ ಸಂಜೆ ಒಂದು ತಾಸು ಬಂದು, ಮಂಚದ ಪಕ್ಕ ತೂಕಡಿಸಿ ಎದ್ದು ಹೋಗುತ್ತಿದ್ದ. ಹೆಂಡತಿಗಿಂತ ಆ ಮೊಗ್ಗೇ ಹೆಚ್ಚಾಯಿತೇ ಎಂದು ನಾವಿಬ್ಬರೂ ಸಿಟ್ಟಿನಿಂದ ಕುದಿದೆವು. ಅತ್ತೆ ಮಾತ್ರ ಗೋಡೆಯ ಕಡೆ ಮುಖ ಮಾಡಿ, ಮೂರು ವರ್ಷ ಕಾದವನು, ಈಗ ಬಿಟ್ಟು ಬಾ ಎಂದರೆ ಹೇಗೆ ಬರುತ್ತಾನೆ ಎಂದಳು.

ಎಂಟನೆಯ ದಿನ ಮನೆಗೆ ಕರೆತಂದಾಗ ಮಗ್ಗದ ಕೋಣೆಯ ಬಾಗಿಲು ತೆರೆದಿತ್ತು. ಗುಂಡಿ ಇರಲಿಲ್ಲ. ಮೇಲೆ ಬಿಳಿಯ ಟೈಲ್ಸು, ಕಮೋಡು, ಗೋಡೆಗೆ ಹಿಡಿಕೆ. ಮೇಸ್ತ್ರಿ ನನ್ನನ್ನು ಬದಿಗೆ ಕರೆದು ನಡೆದದ್ದನ್ನು ಹೇಳಿದ. "ಗಿಡ ನಾ ಕೀಳ್ತೇನ್ರಿ ಅಂದ್ರ ಮುಟ್ಟಾಕ ಕೊಡಲಿಲ್ಲ ನೋಡ್ರಿ. ತಾವ ಇಳದು, ಕೈಯಿಂದ ಮಣ್ಣು ಬಿಡಿಸಿ ತಗದ್ರು. ಆಮ್ಯಾಲ ಮೊದಲನೇ ಬುಟ್ಟಿ ಮಣ್ಣು ತಾವ ಹಾಕಿದ್ರು." ದಿನವೂ ಬೆಳಗಿನಿಂದ ಮೇಸ್ತ್ರಿಯ ಕೈಕೆಳಗೆ ಕಲ್ಲು ಹೊತ್ತವನೂ ಮಾವನೇ. ನನಗೆ ಆ ಸಂಜೆಗಳ ತೂಕಡಿಕೆ ನೆನಪಾಗಿ ನಾಚಿಕೆಯಾಯಿತು.

ಗಿಡವನ್ನು ಒಂದು ಬಕೆಟ್ಟಿಗೆ ಹಾಕಿ ಹೊಸ ಬಚ್ಚಲಿನ ಮೂಲೆಗೆ ಇಟ್ಟಿದ್ದ. ಈಗ ಆ ಮನೆಯಲ್ಲಿ ನೆರಳು, ತಂಪು ಇರುವುದು ಅಲ್ಲೇ ತಾನೆ? ಅರ್ಧ ಎಲೆ ಉದುರಿದ್ದವು. ಮೊಗ್ಗು ಇನ್ನೂ ಹಿಡಿದುಕೊಂಡಿತ್ತು. ಮೂರು ವರ್ಷ ಮುಚ್ಚಿಸು ಮುಚ್ಚಿಸು ಎಂದ ಅತ್ತೆ, ನನ್ನ ಕೇಳದೆ ಯಾಕೆ ಮುಚ್ಚಿಸಿದೆ ಎಂದು ಗಂಡನನ್ನು ಬೈದು, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಆದರೆ ಅತ್ತೆ ನಡೆಯಲು ಒಪ್ಪಲಿಲ್ಲ. ವ್ಯಾಯಾಮ ಮಾಡಿಸಲು ಬಂದವರು ಬೇಡಿಕೊಂಡರು, ಮಗಳು ಗದರಿದಳು, ನಾನು ಲೆಕ್ಕ ಹಾಕಿ ತಿಳಿಸಿ ಹೇಳಿದೆ. ನೋವಿನ ಹೆದರಿಕೆ. ಕಾಲು ಊರಿದರೆ ಸತ್ತೇ ಹೋಗುತ್ತೇನೆ ಎಂದು ಮಂಚ ಬಿಡಲಿಲ್ಲ. ಈಗ ನಡೆಯದಿದ್ದರೆ ಮೊಣಕಾಲು ಹಾಗೇ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಮೂರು ದಿನ ಹೀಗೇ ಹೋಯಿತು.

ನಾಲ್ಕನೆಯ ಬೆಳಿಗ್ಗೆ ಮಾವ ಬಚ್ಚಲಿನಿಂದ ಹೊರಬಂದು, "ಹೂ ಅರಳೇತಿ. ಬಂದು ನೋಡು" ಎಂದ.

"ಬಕೀಟ ಇಲ್ಲೇ ತಾ, ನೋಡ್ತೇನಿ."

"ಅಲುಗಾಡಿಸಿದ್ರ ಉದರತೈತಿ. ನೀನ ಬಾ."

ಅತ್ತೆ ಹೊದಿಕೆ ಸರಿಸಿ ಕಾಲನ್ನು ಮಂಚದಿಂದ ಇಳಿಬಿಟ್ಟಳು. ಆಮೇಲೆ ವಾಕರ್ ಕೊಡು ಎಂದು ನನಗೆ ಸನ್ನೆ ಮಾಡಿದಳು. ಹಲ್ಲು ಕಚ್ಚಿಕೊಂಡು ಎದ್ದಳು. ಒಂದು ಹೆಜ್ಜೆ, ನಿಲ್ಲುವುದು, ಇನ್ನೊಂದು ಹೆಜ್ಜೆ. ಮಾವ ಮುಂದೆ ಹಿಂದೆ ನಡೆಯುತ್ತ, ಮುಟ್ಟಲೂ ಹೆದರಿ, ಎರಡೂ ಕೈ ಗಾಳಿಯಲ್ಲಿ ಹಿಡಿದುಕೊಂಡಿದ್ದ. ಹನ್ನೊಂದು ಹೆಜ್ಜೆಗೆ ಬಚ್ಚಲಿನ ಬಾಗಿಲು ಬಂತು.

ಮೊಗ್ಗು ಮುಚ್ಚಿಕೊಂಡೇ ಇತ್ತು. ಬಿಗಿಯಾಗಿ, ನಿನ್ನೆ ಹೇಗಿತ್ತೋ ಹಾಗೆ. ಮಾವ ನಲ್ಲಿಯ ಕಡೆ ನೋಡುತ್ತ ನಿಂತ. ಅತ್ತೆ ಒಮ್ಮೆ ಮೊಗ್ಗನ್ನು ನೋಡಿದಳು, ಒಮ್ಮೆ ಗಂಡನನ್ನು ನೋಡಿದಳು. ನಡೆದು ಬಂದ ನೆಲವನ್ನು ತಿರುಗಿ ನೋಡಿದಳು. ಈಗ ಬಿತ್ತು ಬೈಗುಳ ಎಂದುಕೊಂಡೆ ನಾನು. ಅತ್ತೆ ವಾಕರಿನಿಂದ ಒಂದು ಕೈ ತೆಗೆದು ಮಾವನ ಭುಜ ಹಿಡಿದುಕೊಂಡಳು.

"ಇರ್ಲಿ ಬಿಡು," ಎಂದಳು. "ನಾಳಿ ಅರಳಬಹುದು. ನಾಳಿನೂ ಬರ್ತೇನಿ."